ಗೋಡೆ ಬದಿಯ ಅರ್ಧ ಹಾಸಿಗೆ

ನಂಬಿ ಎಂದು ನಾನು ಯಾರನ್ನೂ ಬೇಡಿಕೊಳ್ಳುವುದಿಲ್ಲ. ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಲ್ಯಾಬೊಂದರಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದೇನೆ; ಇಲ್ಲದ್ದನ್ನು ಇದೆ ಎಂದು ಬರೆಯುವ ಅಭ್ಯಾಸ ನನಗಿಲ್ಲ. ಇದು ನಡೆದದ್ದು. ನಡೆದಾಗ ಅಲ್ಲಿ ನಾನೊಬ್ಬಳೇ ಇದ್ದೆ... ಅಥವಾ ಹಾಗೆಂದುಕೊಂಡಿದ್ದೆ.

ನನ್ನ ಸಹೋದ್ಯೋಗಿ ಲೂಚಿಯಾ ಇಟಲಿಯವಳು. ಉತ್ತರದ ಬೆಟ್ಟಗಳ ನಡುವಿನ ಕಣಿವೆಯೊಂದರಲ್ಲಿ, ಹತ್ತಾರು ಕಲ್ಲಿನ ಮನೆಗಳಿರುವ ಹಳ್ಳಿ ಅವಳದು. 2020ರಲ್ಲಿ, ವಿಮಾನಗಳೆಲ್ಲ ನಿಂತಿದ್ದಾಗ ಅವಳ ತಾಯಿ ತೀರಿಕೊಂಡರು. ಮಣ್ಣಿಗೂ ಹೋಗಲಾಗಲಿಲ್ಲ. ಎರಡು ವರ್ಷಗಳ ನಂತರ ಆ ಮನೆಯ ಬೀಗ ತೆಗೆಯಲು ಹೊರಟಾಗ, "ಒಬ್ಬಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ ಐರಿನ್, ನೀನೂ ಬಾ" ಎಂದಳು. ಹೋದೆ.

ನವೆಂಬರ್ ಒಂದರ ಮಧ್ಯಾಹ್ನ, ರೈಲಿನಲ್ಲಿ ಬರುತ್ತಿದ್ದ ತಮ್ಮನನ್ನು ಕರೆತರಲು ಅವಳು ಕಾರಿನಲ್ಲಿ ಕೆಳಗಿನ ಪಟ್ಟಣಕ್ಕೆ ಇಳಿದಳು. ಸಂಜೆಗೆ ಹಿಮ ಸುರಿಯತೊಡಗಿತು. ರಸ್ತೆ ಮುಚ್ಚಿದರು.

ಫೋನ್ ಬಂತು. "ಬೆಳಗ್ಗೆವರೆಗೂ ಬರೋಕಾಗಲ್ಲ. ಪಕ್ಕದ ಮನೆ ಆನ್ನಾ ಬರ್ತಾರೆ. ಅವರು ಹೇಳಿದ ಹಾಗೆ ಮಾಡು, ಪ್ಲೀಸ್. ಇವತ್ತು ಅಮ್ಮ ಬರೋ ರಾತ್ರಿ..." ಅವಳ ದನಿ ಒಡೆಯಿತು.

ಎಂಬತ್ತು ದಾಟಿದ ಆನ್ನಾ ಸೌಟಿಟ್ಟ ಒಂದು ಬಕೆಟ್ ಚಿಲುಮೆ ನೀರು, ಒಂದು ತಟ್ಟೆ ಬೇಯಿಸಿದ ಚೆಸ್ಟ್‌ನಟ್ ಬೀಜ ಹಿಡಿದು ಬಂದರು. ಅವರ ಮಾತನ್ನು ನನ್ನ ಫೋನ್ ಅನುವಾದಿಸಿತು. ನೀರು, ತಿಂಡಿ ಅಡುಗೆಮನೆಯ ಮೇಜಿನ ಮೇಲಿರಬೇಕು. ಬಾಗಿಲಿಗೆ ಚಿಲಕ ಹಾಕಬಾರದು. ತಾಯಿಯ ಹಾಸಿಗೆಯನ್ನು ಹಾಸಿ, ಖಾಲಿ ಬಿಡಬೇಕು.

"ಸತ್ತವರು ದೂರದಿಂದ ನಡೆದು ಬರ್ತಾರೆ. ಬಾಯಾರಿರುತ್ತೆ, ದಣಿದಿರ್ತಾರೆ" ಎಂದರು.

ನಾನು ಮಂಗಳೂರು ಕಡೆಯ ಕ್ರೈಸ್ತಳು. ಸತ್ತವರ ದಿನ ನಾವೂ ಗೋರಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಆದರೆ ನಾವು ಅವರಿದ್ದಲ್ಲಿಗೆ ಹೋಗುತ್ತೇವೆ. ಅವರು ನಾವಿದ್ದಲ್ಲಿಗೆ ಬರುವುದು ನನಗೆ ಹೊಸದು.

"ನೀರಿಡ್ತೀನಿ, ತಿಂಡಿ ಇಡ್ತೀನಿ. ಬಾಗಿಲು ಮಾತ್ರ ಹಾಗೇ ಬಿಟ್ಟು ಮಲಗೋದಿಲ್ಲ" ಎಂದೆ. ಫೋನ್ ಅದನ್ನು ಅವರ ಭಾಷೆಯಲ್ಲಿ ಹೇಳಿತು. ಆನ್ನಾ ತಟ್ಟೆಯನ್ನು ಮೇಜಿನ ನಡುವಿಗೆ ಸರಿಸಿ ಹೊರಟುಹೋದರು.

ಅಮೆರಿಕದಲ್ಲಿ, ಕ್ಯಾರಿಯ ನಮ್ಮ ಮನೆಯಲ್ಲಿದ್ದ ಗಂಡ ಶ್ರೀಧರನಿಗೆ ಫೋನ್ ಮಾಡಿದೆ. ಅವನು ಮೈಸೂರಿನವನು. "ಅವರ ಕಸ್ಟಮ್ ಅವರಿಗೆ. ಡೋರ್ ಲಾಕ್ ಮಾಡ್ಕೊಂಡು ಮಲ್ಕೋ ಕಣೇ" ಎಂದ.

"ಆಗ್ಲೇ ಮಾಡಾಯ್ತು."

ಹಾಸಿಗೆಯನ್ನೂ ಬಿಡಲಿಲ್ಲ. ಇಡೀ ಮನೆಯಲ್ಲಿ ಹೀಟರ್ ಇದ್ದದ್ದು ಆ ಹಾಸಿಗೆಯಿದ್ದ ಮಹಡಿಯ ಕೋಣೆಯಲ್ಲಿ ಮಾತ್ರ. ಬದುಕಿರುವ ನಾನು ಚಳಿಯಲ್ಲಿ ಸಾಯಬೇಕೇ?

ಎಷ್ಟು ಹೊತ್ತಾಗಿತ್ತೋ... ಎಚ್ಚರವಾಯಿತು.

ಟಕ್... ಟಕ್... ಮರದ ಅಟ್ಟೆಯ ಬೂಟುಗಳ ಸದ್ದು. ಒಬ್ಬರದಲ್ಲ. ಓಣಿಯಲ್ಲಿ ಬರುತ್ತಿದ್ದವು. ನಿಲ್ಲುತ್ತಿದ್ದವು. ಒಂದು ಬಾಗಿಲು ಕಿರ್ರೆಂದು ತೆರೆದು ಮುಚ್ಚುತ್ತಿತ್ತು. ಮತ್ತೆ ಟಕ್... ಟಕ್... ಪ್ರತಿ ಮನೆಗೂ ಸದ್ದು ಸ್ವಲ್ಪ ಕಡಿಮೆಯಾಗುತ್ತಿತ್ತು.

ಕೊನೆಗೆ ಒಂದೇ ಜೋಡಿ ಉಳಿಯಿತು. ಅದು ನಮ್ಮ ಬಾಗಿಲ ಮುಂದೆ ನಿಂತಿತು.

ಬಾಗಿಲ ಹಿಡಿ ತಿರುಗಿತು. ಚಿಲಕ ತಡೆಯಿತು. ಮತ್ತೊಮ್ಮೆ ತಿರುಗಿತು. ಮಹಡಿಯವರೆಗೂ ಒದ್ದೆ ಉಣ್ಣೆಯ ವಾಸನೆ, ಆಗಷ್ಟೇ ಆರಿದ ಬತ್ತಿಯ ವಾಸನೆ...

ಭಯಕ್ಕಿಂತ ಮೊದಲು ಸಿಟ್ಟು ಬಂತು. "ಯಾರದು? ಇಲ್ಲಿ ನಾನಿದ್ದೀನಿ!" ಕನ್ನಡದಲ್ಲೇ ಕಿರುಚಿದೆ.

ಬಂದವರು ಬಾಗಿಲು ಬಡಿಯಲಿಲ್ಲ, ಗದರಲಿಲ್ಲ. ಹಿಡಿ ಮೂರನೆಯ ಸಲ ತಿರುಗಿತು, ಬಹಳ ನಿಧಾನವಾಗಿ... ದಣಿದವರ ಕೈಯಂತೆ. ಲೂಚಿಯಾಳ ಒಡೆದ ದನಿ ನೆನಪಾಯಿತು. ಅವಳ ತಾಯಿಯನ್ನು ಅವರದೇ ಮನೆಯ ಹೊರಗೆ ನಿಲ್ಲಿಸಲು ನಾನು ಯಾರು?

ಕೆಳಗಿಳಿದೆ. ದನಿ ನಡುಗಲು ಬಿಡಲಿಲ್ಲ. "ನೋಡೀಮ್ಮಾ, ನೀರು ಮೇಜಿನ ಮೇಲಿದೆ, ಕುಡೀರಿ. ಹಾಸಿಗೆ ಮಾತ್ರ ಬಿಡಲ್ಲ. ನಂಗೂ ಚಳಿ." ಚಿಲಕ ಸರಿಸಿ, ಹಿಂದೆ ನೋಡದೆ ಮೆಟ್ಟಿಲು ಹತ್ತಿ ಮಲಗಿದೆ.

ಬಾಗಿಲು ತೆರೆಯಿತು. ಬಕೆಟ್ಟಿಗೆ ಸೌಟು ತಗುಲಿದ ಸದ್ದು. ಗಟಗಟ ಕುಡಿಯುವ ಸದ್ದು... ತುಂಬ ಹೊತ್ತು. ಆಮೇಲೆ ಮೆಟ್ಟಿಲು, ಒಂದೊಂದಾಗಿ. ಕಣ್ಣು ಬಿಗಿಯಾಗಿ ಮುಚ್ಚಿದೆ. ನನ್ನ ಬೆನ್ನ ಹಿಂದೆ, ಗೋಡೆಯ ಬದಿಗೆ, ಹಾಸಿಗೆ ತಗ್ಗಿತು.

ಎದ್ದು ಓಡಬಹುದಿತ್ತು. ಓಡಲಿಲ್ಲ. ಹೇಳಿದ ಮಾತು ಹೇಳಿಯಾಗಿತ್ತು.

ಇಗರ್ಜಿಯ ಗಂಟೆಗೆ ಕಣ್ಣು ಬಿಟ್ಟಾಗ ಬೆಳಕಾಗಿತ್ತು. ಯಾರೂ ಇರಲಿಲ್ಲ. ಗೋಡೆ ಬದಿಯಲ್ಲಿ ಒಬ್ಬರು ಮಲಗಿದ್ದಷ್ಟು ತಗ್ಗು. ಕೈಯಿಟ್ಟೆ... ಬೆಚ್ಚಗಿತ್ತು. ಕೆಳಗೆ ಬಕೆಟ್ ಅರ್ಧ ಖಾಲಿ. ಹೊರಗೆ ಓಣಿಯ ಹಿಮದಲ್ಲಿ ಬೆಕ್ಕಿನ ಹೆಜ್ಜೆಯೂ ಇರಲಿಲ್ಲ.

ಮಧ್ಯಾಹ್ನ ಬಂದ ಲೂಚಿಯಾಳಿಗೆ ಎಲ್ಲ ಹೇಳಿ, ಹಾಸಿಗೆ ತೋರಿಸಿದೆ. ಅವಳು ಗೋಡೆ ಬದಿಯ ತಗ್ಗಿನ ಮೇಲೆ ಕೈಯಾಡಿಸಿದಳು. "ಅಪ್ಪ ಹೋದ ಮೇಲೂ ಅಮ್ಮ ಗೋಡೆ ಬದೀನೇ ಮಲಗ್ತಿದ್ರು" ಎಂದಳು. ಶೂ ಕೂಡ ಬಿಚ್ಚದೆ ಆ ತಗ್ಗಿನಲ್ಲಿ ಮುದುರಿ ಮಲಗಿದಳು.

"ಬಾಗಿಲಲ್ಲಿ ಕಾಯಿಸಿದ್ದಕ್ಕೆ ಅಮ್ಮನಿಗೆ ಕೋಪ ಇತ್ತಾ?"

"ಇಲ್ಲ. ಸ್ವಲ್ಪ ಗೊರಕೆ ಹೊಡೆದ್ರು" ಎಂದೆ. ಅಳುತ್ತಲೇ ನಕ್ಕಳು.

ಜೆಟ್‌ಲ್ಯಾಗ್, ಕನಸು ಎನ್ನುತ್ತಾನೆ ಶ್ರೀಧರ. ಅನ್ನಲಿ. ಬಾಗಿಲು ತೆಗೆದದ್ದಕ್ಕಾಗಲಿ, ಹಾಸಿಗೆ ಬಿಡದ್ದಕ್ಕಾಗಲಿ ನನಗೆ ಪಶ್ಚಾತ್ತಾಪವಿಲ್ಲ. ಒಂದು ವಿಷಯ ಮಾತ್ರ ಲೂಚಿಯಾಳಿಗೆ ಇಂದಿಗೂ ಹೇಳಿಲ್ಲ. ದಿನವೂ ಲ್ಯಾಬಿನಲ್ಲಿ ಎದುರು ಕೂರುತ್ತಾಳೆ, ಬಾಯಿ ತೆರೆಯುತ್ತೇನೆ, ಆಗುವುದಿಲ್ಲ.

ಬೆಳಗಿನ ಜಾವ ನನ್ನ ಹೆಗಲಿನಿಂದ ಹೊದಿಕೆ ಜಾರಿತ್ತು. ಒಂದು ಕೈ ಅದನ್ನು ಮೆಲ್ಲನೆ ಎಳೆದು, ಕೊರಳವರೆಗೂ ಹೊದಿಸಿ, ಎರಡು ಸಲ ತಟ್ಟಿತು... ಮಗಳನ್ನು ತಟ್ಟುವ ಹಾಗೆ. ಕತ್ತಲಲ್ಲಿ ಆಕೆ ನನ್ನನ್ನು ಯಾರೆಂದುಕೊಂಡರೋ, ನನಗೆ ಗೊತ್ತಿಲ್ಲ.