ನೆರೆಮನೆಯವರ ಮಿಲಿಟರಿ ರೈಫಲ್

ಕಾರ್ಕಳದ ನಮ್ಮ ನೆರೆಮನೆಯವರು ಸೇನೆಯಲ್ಲಿದ್ದು ಬಂದವರು. ಎಪ್ಪತ್ತರ ದಶಕದ ಆರಂಭದಲ್ಲಿ, ಮಿಲಿಟರಿಯವರು ಹರಾಜು ಹಾಕಿದ ಹಳೆಯ ರೈಫಲೊಂದು ಅವರ ಕೈಸೇರಿತು. ಅದನ್ನು ಮಡಿಲಲ್ಲಿಟ್ಟು ಎಣ್ಣೆಬಟ್ಟೆಯಲ್ಲಿ ಒರೆಸುತ್ತ ಕಂಡವರಿಗೆಲ್ಲ ಹೇಳುತ್ತಿದ್ದರು: "ನಿಮ್ಮ ಮದ್ದು ತುಂಬುವ ಕೇಪಿನ ಕೋವಿಯ ಹಾಗಲ್ಲ ಮಾರಾಯ, ಇದರ ಗುಂಡು ನಿಲ್ಲುವುದಿಲ್ಲ."

"ಅಷ್ಟು ದೂರದ ಕಾಪುವಿನ ಲೈಟ್‌ಹೌಸಿಗೆ ತಾಗೀತು, ಜಾಗ್ರತೆ!" ಎಂದು ನನ್ನ ಅಣ್ಣ ಕೆಣಕುತ್ತಿದ್ದ. ಅವರೂ ನಗುತ್ತಿದ್ದರು.

ಗದ್ದೆ ಹಾಳುಮಾಡುವ ಹಂದಿಯ ಬೇಟೆಯಲ್ಲಿ ಅವರು ಅದು ಬರುವ ಹಾದಿಗೆ ಎದುರಾಗಿ ಕಾದು ಕೂರುತ್ತಿದ್ದರು. ಅಣ್ಣನೂ ಗೆಳೆಯರೂ ಪೊದೆಯಿಂದ ಹಂದಿಯನ್ನೆಬ್ಬಿಸಿ, ಕೂಗುತ್ತ ಅದರ ಬೆನ್ನಿಗೇ ಓಡಿಬರುತ್ತಿದ್ದರು. ಕೇಪಿನ ಕೋವಿಯ ಕಾಲದಿಂದ ಅದೇ ರೂಢಿ. ಆ ಕೋವಿಯ ಗುಂಡು ಹಂದಿಯ ಮೈಯೊಳಗೇ ಉಳಿಯುತ್ತಿತ್ತು. ರೈಫಲ್ ಬಂದ ಮೇಲೂ ಯಾರೂ ರೂಢಿ ಬದಲಿಸಲಿಲ್ಲ, ಅವರೂ ಬದಲಿಸಿ ಎನ್ನಲಿಲ್ಲ.

ಆ ಭಾನುವಾರ ದೊಡ್ಡ ಹಂದಿಯೊಂದು ಬಿತ್ತು. ಎಲ್ಲರೂ ಕೇಕೆ ಹಾಕಿದರು. ಅಣ್ಣನ ದನಿ ಮಾತ್ರ ಕೇಳಲಿಲ್ಲ.

ಅವನನ್ನು ತಂದು ಅಂಗಳದಲ್ಲಿ ಮಲಗಿಸಿದಾಗ ಅಮ್ಮ ನೆರೆಮನೆಯವರನ್ನು ಕೇಳಿದರು: "ಹಂದಿ ಬಿದ್ದಿತ್ತಲ್ಲ, ಮತ್ತೆ ಎರಡನೆಯ ಗುಂಡು ಎಂತಕ್ಕೆ ಹೊಡೆದದ್ದು ನೀವು?"

ಕೈತಪ್ಪಿತು ಎಂದಿದ್ದರೆ ಅಮ್ಮ ನಂಬುತ್ತಿದ್ದರೇನೋ. ಅವರು ರೈಫಲನ್ನು ನೆಲಕ್ಕಿಟ್ಟರು.

"ಎರಡನೆಯದು ಇಲ್ಲ ಅಕ್ಕ. ಹಂದಿಗೆ ಹೊಡೆದದ್ದೇ."