ವಸ್ತಿ ಬಸ್ಸಿನ ಬ್ಯಾಟ್ರಿ

ಪೀರಪ್ಪನ ಎದೆಯಲ್ಲಿ ದೀಪ ಹೊತ್ತಿಕೊಳ್ಳುವುದನ್ನು ನಾನು ಹಲವು ಸಲ ಕಣ್ಣಾರೆ ನೋಡಿದ್ದೇನೆ. ಇದು ಅಧ್ಯಾತ್ಮದ ಮಾತಲ್ಲ. ತುಂಬಿದ ಬಸ್ಸಿನಲ್ಲಿ ಯಾರದೋ ಮೊಣಕೈ ತಾಗಿ, ಅವನ ಖಾಕಿ ಅಂಗಿಯ ಜೇಬಿನಲ್ಲಿರುವ ಬ್ಯಾಟ್ರಿಯ ಗುಂಡಿ ತಾನಾಗಿಯೇ ಒತ್ತಿಹೋಗುತ್ತದೆ. ಬಟ್ಟೆಯ ಒಳಗಿಂದ ಬೆಳಕು ಕೆಂಪಗೆ ಕಾಣತೊಡಗುತ್ತದೆ.

"ಕಂಡಕ್ಟರ್ ಸಾಹೇಬ್ರ, ನಿಮ್ಮ ಎದಿ ಉರ್ಯಾಕತ್ತದ ನೋಡ್ರಿ" ಎಂದು ಒಬ್ಬರು ಹೇಳುತ್ತಾರೆ.

"ಮನ್ಯಾಗ ಜಗಳಾಗಿರಬೇಕು ತಗೀರಿ" ಎಂದು ಹಿಂದಿನ ಸೀಟಿನವರು.

ಪೀರಪ್ಪ ನಗುವುದಿಲ್ಲ. ಜೇಬಿಗೆ ಕೈ ಹಾಕಿ ಗುಂಡಿ ಒತ್ತುತ್ತಾನೆ, "ಮುಂದ ಸರೀರಿ, ಮುಂದ ಸರೀರಿ" ಎನ್ನುತ್ತಾನೆ. ಆ ಬಸ್ಸಿನಲ್ಲಿ ಮುಂದೆ ಸರಿಯಲು ಜಾಗ ಇರುವುದಿಲ್ಲ. ಅದು ಅವನಿಗೂ ಗೊತ್ತು.

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎನ್ನುತ್ತಾರೆ. ಪೀರಪ್ಪನದು ಬೆರಳುದ್ದದ್ದು, ಮೊಬೈಲಿನ ಹಾಗೆ ಚಾರ್ಜಿಗೆ ಹಚ್ಚುವಂಥದ್ದು, ಶಹಾಬಾದದ ಒಂದು ಮೊಬೈಲ್ ಅಂಗಡಿಯಲ್ಲಿ ತನ್ನ ರೊಕ್ಕದಿಂದಲೇ ಕೊಂಡದ್ದು. ಅವನ ಬಸ್ಸಿನ ಒಳದೀಪಗಳು ಹಗಲಲ್ಲಿ ಚೆನ್ನಾಗಿ ಹತ್ತುತ್ತವೆ. ಹೊತ್ತು ಮುಳುಗಿದ ಮೇಲೆ ಅವಕ್ಕೆ ಏನಾಗುತ್ತದೋ. ಕತ್ತಲಲ್ಲಿ ಹರಿದ ನೋಟು ಹರಿದದ್ದೆಂದು ಗುರುತಿಸಲು ಕಂಡಕ್ಟರನಿಗೆ ಬೆಳಕು ಬೇಕೇಬೇಕು. ಎರಡೂ ಕೈ ಟಿಕೆಟ್ ಮಷಿನ್ನಿಗೆ ಬೇಕಾದಾಗ ಬ್ಯಾಟ್ರಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾನೆ. ಆಗ ಅವನ ಬಾಯಿಂದ ಬರುವ ಯಾವ ಸದ್ದನ್ನೂ 'ಎಲ್ಲಿಗಿ?' ಎಂದು ತಿಳಿದುಕೊಂಡು ಊರ ಹೆಸರು ಹೇಳಿಬಿಡಬೇಕು. ಕಚ್ಚಿ ಕಚ್ಚಿ ಅದರ ಕಪ್ಪು ಬಣ್ಣ ಹೋಗಿದೆ. ಚಹಾ ಕುಡಿದರೂ ಕಬ್ಬಿಣದ ರುಚಿ ಬರುತ್ತದೆ ಎನ್ನುತ್ತಾನೆ. ಅದರ ಭಾರಕ್ಕೆ ಜೇಬಿನ ತಳ ಹರಿದು, ಹೆಂಡತಿ ಜಯಮಾಲಾ ಹಳೇ ಪ್ಯಾಂಟಿನ ಬಟ್ಟೆಯಿಂದ ಒಳಗೆ ತೇಪೆ ಹಾಕಿಕೊಟ್ಟಿದ್ದಾಳೆ.

ಅವನನ್ನು ನೋಡಿ ನಾನೂ ಅಂಥದೇ ಒಂದು ಕೊಂಡೆ. ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕರೆಂಟು ಹೋದ ಒಂದು ಸಂಜೆ ಅದನ್ನು ಮೊಬೈಲಿನ ಬೆಳಕಿನಲ್ಲಿ ಹುಡುಕಿ ತೆಗೆದರೆ ಚಾರ್ಜು ಇರಲಿಲ್ಲ. ಈಗ ನಮ್ಮ ಮನೆಯ ಕಿಟಕಿ ಗಾಳಿಗೆ ಬಡಿಯದಂತೆ ಸಂದಿಯಲ್ಲಿ ಸಿಕ್ಕಿಸಲು ಬಳಕೆಯಾಗುತ್ತಿದೆ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ನಾನು ಸೇಡಂನ ಒಂದು ಕಚೇರಿಯಲ್ಲಿ ಗುಮಾಸ್ತ, ಮನೆ ಸುಲೇಪೇಟದಲ್ಲಿ. ಸಂಜೆ ಪೀರಪ್ಪನ ಬಸ್ಸಿನಲ್ಲಿ ಊರು ಸೇರುತ್ತೇನೆ. ಬಸ್ಸು ಅಲ್ಲಿಂದ ಮುಂದೆ ಕೊಡ್ಲಿ ಕಡೆ ಹೋಗಿ, ಡಾಂಬರು ಮುಗಿಯುವ ಒಂದು ಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಹೊರಳಿ ಬರುತ್ತದೆ. ಹೀಗೆ ಹಳ್ಳಿಯಲ್ಲೇ ಮಲಗುವ ಬಸ್ಸಿಗೆ ವಸ್ತಿ ಬಸ್ಸು ಎಂದು ಹೆಸರು. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಪೀರಪ್ಪನ ಪಾಳಿ. ಡ್ರೈವರ್ ಭೀಮಶ್ಯಾ ಎಂಜಿನ್ನಿನ ಪಕ್ಕದಲ್ಲಿ ಮಲಗುತ್ತಾನೆ, ಪೀರಪ್ಪ ಮೂರು ಮಂದಿಯ ಸೀಟಿನ ಮೇಲೆ, ಮೊಣಕಾಲು ಮಡಚಿ. ಬರೆಯುವಾಗ 'ಅವನು' ಎನ್ನುತ್ತಿದ್ದೇನೆ. ಎದುರಿಗೆ 'ರಿ' ಹಚ್ಚದೆ ಮಾತಾಡಿದರೆ ಚಿಲ್ಲರೆ ಸಿಗುವುದಿಲ್ಲ.

ಆ ಊರಿನವರು ವಸ್ತಿ ಬಸ್ಸಿನವರನ್ನು ಉಪವಾಸ ಮಲಗಿಸುವುದಿಲ್ಲ. ಮನೆಗಳಿಂದ ಪಾಳಿಯ ಪ್ರಕಾರ ರೊಟ್ಟಿ ಬರುತ್ತದೆ. ಪಾಳಿ ಯಾರದೇ ಇರಲಿ, ಮಹಾದೇವಮ್ಮ ಎಂಬ ಹಿರಿಯ ಹೆಣ್ಣುಮಗಳು ಪುಂಡಿಪಲ್ಯ, ಶೇಂಗಾ ಹಿಂಡಿ ಹಿಡಿದು ಬಂದು, ಇವರು ಉಣ್ಣುವವರೆಗೆ ಬಸ್ಸಿನ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಆ ರೊಟ್ಟಿಯನ್ನು ಉಂಡವನಿಗೆ ಆ ಊರಲ್ಲಿ ಯಾವುದಕ್ಕೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಪೀರಪ್ಪ ಸಿಕ್ಕಿಬಿದ್ದದ್ದು ಅಲ್ಲಿ.

ಮೊದಲು ಬಂದದ್ದು ಚೇಳಿನ ಪ್ರಕರಣ. ನಮ್ಮ ಕಡೆ ನೆಲವೂ ಪರಸಿ ಎಂಬ ಚಪ್ಪಡಿ ಕಲ್ಲು, ಮೇಲಿನ ಮಾಳಿಗೆಯೂ ಪರಸಿ ಕಲ್ಲು. ನಡುವೆ ಮನುಷ್ಯರು, ಸಂದಿಗಳಲ್ಲಿ ಚೇಳು. "ಸ್ವಲ್ಪ ಬ್ಯಾಟ್ರಿ ಹಿಡೀರಿ" ಎಂದು ಕರೆದರು. ಹಿಡಿದ. ಆಮೇಲೆ ಕೂಸೊಂದು ಮೂಗಿನಲ್ಲಿ ತೊಗರಿಕಾಳು ಸೇರಿಸಿಕೊಂಡಿತು. ಆಮೇಲೆ ಯಾರದೋ ಎಮ್ಮೆ ಕರು ಹಾಕಿತು. ಆಮೇಲೆ ಕಾರಣ ಬೇಕಾಗಲಿಲ್ಲ; ಬಸ್ಸಿನ ತಗಡು ಬಡಿದರೆ ಒಳಗಿಂದ ಬೆಳಕು ಬರುತ್ತದೆ ಎಂದು ಊರಿಗೆ ಗೊತ್ತಾಯಿತು.

"ನಿಮ್ ಹತ್ರ ಮೊಬೈಲ್ ಇಲ್ಲೇನ್ರೋ? ಅದ್ರಾಗ ಬ್ಯಾಟ್ರಿ ಇರಂಗಿಲ್ಲೇನು?" ಎಂದು ಪೀರಪ್ಪ ಒಮ್ಮೆ ಕೇಳಿದ್ದನಂತೆ.

"ಮೊಬೈಲ್ ಬಾವ್ಯಾಗ ಬಿದ್ರ ನಮ್ದು ಹೋತಲ್ರೀ" ಎಂದನಂತೆ ಬಂದವನು. "ನಿಮ್ ಬ್ಯಾಟ್ರಿಗೇನ್ರಿ, ಬಿದ್ರ ಹೊಸಾದ್ ಕೊಡ್ತಾರ."

ಯಾರು ಕೊಡುತ್ತಾರೆ ಎಂದು ಪೀರಪ್ಪ ಕೇಳಲಿಲ್ಲ. ನಿದ್ದೆಗಣ್ಣಿನಲ್ಲಿದ್ದ. ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಚಿಂಚೋಳಿಯ ಡಾಕ್ಟರೊಬ್ಬರು ಅವನ ಕಣ್ಣ ಕೆಳಗಿನ ಕಪ್ಪು ನೋಡಿ ನಿದ್ದೆಯ ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗಿದ ರಾತ್ರಿ ಆದ ವ್ಯತ್ಯಾಸವೆಂದರೆ, ಎಬ್ಬಿಸಲು ಇಬ್ಬರು ಬಂದರು. ಚಿತ್ತಾಪುರದ ತನ್ನ ಮನೆಯಲ್ಲಿ ಮಲಗುವ ರಾತ್ರಿಯೂ ಬೀದಿಯಲ್ಲಿ ತಗಡು ಸಪ್ಪಳವಾದರೆ ಸಾಕು, ಕೈ ದಿಂಬಿನ ಕೆಳಗೆ ಹೋಗುತ್ತದೆ. "ಮಗ್ಗಲದಾಗ ನಾ ಇರೂದು ನೆನಪಿರಂಗಿಲ್ಲ, ಬ್ಯಾಟ್ರಿ ಅದೋ ಇಲ್ಲೋ ಅಂತ ಮಾತ್ರ ಮುಟ್ಟಿ ನೋಡ್ತಾರ" ಎಂದು ಜಯಮಾಲಾ ನನ್ನೆದುರೇ ಹೇಳಿದ್ದಾಳೆ.

"ಸರ, ನನಗ ಪಗಾರ ಹೆಚ್ಚಿಗಿ ಬ್ಯಾಡ್ರಿ, ಏನೂ ಬ್ಯಾಡ್ರಿ. ರಿಟೈರ್ ಆಗೂತನ ಮನ್ಯಾಗ ಮಕ್ಕೋಬೇಕು. ಅಷ್ಟೇ ನೋಡ್ರಿ" ಎಂದು ಪೀರಪ್ಪ ಒಂದು ಸಂಜೆ ನನ್ನ ಪಕ್ಕ ಕೂತು ಹೇಳಿದ.

ಅದಕ್ಕೆ ದಾರಿಯೂ ಕಾಣುತ್ತಿತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಂದು ಹಗಲೆಲ್ಲ ಓಡಾಡಿ ಹೊತ್ತು ಮುಳುಗುವುದರೊಳಗೆ ಮುಗಿಯುವ ಬಸ್ಸೊಂದಿದೆ. ಅದರ ಕಂಡಕ್ಟರು ನಿವೃತ್ತರಾಗುವವರಿದ್ದರು. ಆ ಜಾಗ ಸಿಕ್ಕರೆ ಮಧ್ಯಾಹ್ನದ ರೊಟ್ಟಿಯೂ ಮನೆಯದೇ, ರಾತ್ರಿಯ ಹಾಸಿಗೆಯೂ ಮನೆಯದೇ. ಪೀರಪ್ಪ ಡಿಪೋದ ಸಾಹೇಬರ ಮುಂದೆ ನಿಂತು ಕೇಳಿದ.

"ವಸ್ತಿಗೆ ಯಾರೂ ಹೋಗಲ್ಲ ಅಂತಾರೆ ಪೀರಪ್ಪ. ನಿನ್ನ ತೆಗೆದರೆ ಅಲ್ಲಿಗೆ ಯಾರನ್ನ ಕಳಿಸಲಿ?" ಎಂದರು ಸಾಹೇಬರು. ಅವರು ಮೈಸೂರು ಕಡೆಯವರು. ಆಮೇಲೆ ನಕ್ಕು, "ಊರಿನವರೇ ಬಂದು ಈ ಕಂಡಕ್ಟರ್ ಬೇಡ ಅಂದಿದ್ದರೆ ಸುಲಭ ಇತ್ತು" ಎಂದು ಸೇರಿಸಿದರು.

ಸಾಹೇಬರು ಚೇಷ್ಟೆಗೆ ಅಂದದ್ದನ್ನು ಭೀಮಶ್ಯಾ ಯೋಜನೆ ಮಾಡಿಬಿಟ್ಟ.

"ಪೀರಪ್ಪಣ್ಣ, ಒಂದು ಕಂಪ್ಲೇಂಟ್ ಬೀಳಂಗ ಮಾಡೋಣು."

"ಟಿಕೀಟ್ ಕೊಡದೆ ಬಿಡ್ಲೇನು? ನೌಕರಿ ಹೋಗ್ತದಲೇ."

"ಅಂಥಾ ಕಂಪ್ಲೇಂಟ್ ಅಲ್ಲ. ಸಣ್ಣದು. ಮಂದಿ ಬೇಜಾರಾಗಬೇಕು, ಸರ್ಕಾರ ಬೇಜಾರಾಗಬಾರದು."

"ಹ್ಯಾಂಗ?"

"ಬ್ಯಾಟ್ರಿ ಮನ್ಯಾಗ ಬಿಟ್ಟು ಬಾ."

ಹೀಗೆ ಬ್ಯಾಟ್ರಿ ಚಿತ್ತಾಪುರದಲ್ಲಿ ಉಳಿಯಿತು. ಆ ಸಂಜೆಯ ಬಸ್ಸಿನಲ್ಲಿ ನಾನಿದ್ದೆ. ಪೀರಪ್ಪನ ಕೈ ಮತ್ತೆ ಮತ್ತೆ ಎಡಜೇಬಿಗೆ ಹೋಗಿ ಖಾಲಿ ಬರುತ್ತಿತ್ತು, ಬಿದ್ದ ಹಲ್ಲಿನ ಜಾಗಕ್ಕೆ ನಾಲಗೆ ಹೋದಂತೆ. ನೋಟುಗಳನ್ನು ಕಿಟಕಿಗೆ ಹಿಡಿದು ನೋಡಿದ. ಒಬ್ಬ ಮುದುಕನ ಚಿಲ್ಲರೆ ಸೀಟಿನ ಕೆಳಗೆ ಉರುಳಿತು. "ಬ್ಯಾಟ್ರಿ ಇಲ್ರೀ" ಎಂದ. ಹಾಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು. ಸುಳ್ಳು ಹೇಳುವವರೂ ಅಷ್ಟು ನಾಚಿಕೊಳ್ಳುವುದಿಲ್ಲ. ಇವನು ಹೇಳಿದ್ದು ನಿಜ.

ಹಳ್ಳಿಯಲ್ಲೂ ಅದೇ ಮಾತು ಹೇಳಿದ. ಯಾರೂ ಸಿಟ್ಟಿಗೇಳಲಿಲ್ಲ. "ಹೌದೇನ್ರಿ" ಎಂದು ಹೊರಟುಹೋದರು. ಮಹಾದೇವಮ್ಮ ಮಾತ್ರ ಅವನನ್ನು ಬಹಳ ಹೊತ್ತು ನೋಡಿ, "ಉಣ್ಣು ತಮ್ಮಾ, ಚಿಂತಿ ಮಾಡಬ್ಯಾಡ" ಎಂದಳಂತೆ. ಅಂದು ಯಾರೂ ತಗಡು ಬಡಿಯಲಿಲ್ಲ. ಪೀರಪ್ಪ ನಿದ್ದೆ ಮಾಡಿದನೇ? "ಇಲ್ರೀ ಸರ" ಎಂದ ಮರುದಿನ. "ಯಾರೋ ಕತ್ತಲ್ದಾಗ ಎಡವಿದಂಗ ಸಪ್ಪಳಾತು. ಎದ್ದು ಕುಂತೆ. ಆಮ್ಯಾಲ ಯಾರ ಎಡವಿದ್ರು, ಏನಾತು ಅಂತ ಬೆಳಗಾಗೂತನ ವಿಚಾರ. ಬಡದ್ ಎಬ್ಸಿದ್ರ ಬೇಕಾಗಿತ್ತು, ಹೋಗಿ ನೋಡಿ ಬರ್ತಿದ್ದೆ."

ಇನ್ನೂ ಕೆಲವು ಪಾಳಿ ಹೀಗೆಯೇ ಕಳೆದವು. ಒಂದು ಬೆಳಿಗ್ಗೆ ಸುಲೇಪೇಟದಲ್ಲಿ ಬಸ್ಸು ಹತ್ತಿದರೆ, ಆ ಹಳ್ಳಿಯ ಒಂದು ಹಿಂಡು ಜನ ತೊಳೆದ ಬಟ್ಟೆ ತೊಟ್ಟು ಗಂಭೀರವಾಗಿ ಕೂತಿದ್ದರು. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆ ಉಟ್ಟ ಮಹಾದೇವಮ್ಮ. ಪೀರಪ್ಪ ನನ್ನ ಕಿವಿಯ ಬಳಿ ಬಗ್ಗಿದ. ಅವನು ಅಷ್ಟು ಸಂತೋಷದಿಂದ ಇದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಕಂಪ್ಲೇಂಟ್ ಕೊಡ್ಲಾಕ ಹೊಂಟಾರ್ರಿ!"

"ಖರೇ?"

"ಡಿಪೋ ಎಲ್ಲದ ಅಂತ ನನಗೇ ಕೇಳಿದ್ರು."

ಹೆಣ್ಣುಮಕ್ಕಳಿಗೆ ಫ್ರೀ ಟಿಕೆಟು, ಗಂಡಸರಿಗೆ ರೊಕ್ಕದ ಟಿಕೆಟು; ತನ್ನ ಮೇಲೆ ದೂರು ಕೊಡಲು ಹೊರಟವರಿಗೆ ಪೀರಪ್ಪ ತಾನೇ ಟಿಕೆಟು ಹರಿದುಕೊಟ್ಟ. ಒಬ್ಬ ಮುದುಕನಿಗೆ ಸೀಟನ್ನೂ ಬಿಡಿಸಿಕೊಟ್ಟ. ಸೇಡಂನಲ್ಲಿ ಇಳಿದಾಗ ಮಹಾದೇವಮ್ಮ ನನ್ನನ್ನು ಹಿಡಿದಳು. "ನೀವೂ ಬರ್ರಿ ಸರ. ಓದಿದೋರು. ಸಾಹೇಬ್ರ ಮುಂದ ನಾಕ್ ಮಾತ್ ಆಡ್ರಿ."

ನಾಲ್ಕು ಮಾತಿಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಕಚೇರಿಗೆ ತಡವಾಗುತ್ತದೆಂದು ಗೊತ್ತಿದ್ದೂ ಹೋದೆ. ಸಾಹೇಬರ ಮೇಜಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಹಾದೇವಮ್ಮ ಶುರು ಮಾಡಿಬಿಟ್ಟಿದ್ದಳು.

"ನಮ್ ಕಂಡಕ್ಟರ್ ಬ್ಯಾಟ್ರಿ ಯಾಕ ಕಸ್ಕೊಂಡ್ರಿ ಸಾಹೇಬ್ರ?"

ಸಾಹೇಬರು ಪೀರಪ್ಪನನ್ನು ನೋಡಿದರು. ಪೀರಪ್ಪ ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಯಾವ ಬ್ಯಾಟರಿ ಅಮ್ಮಾ?"

"ಸರ್ಕಾರ ವಸ್ತಿ ಗಾಡಿಗಿ ಕೊಟ್ಟಿದ್ದು. ಸಣ್ಣದು, ಕರೀದು. ಇಷ್ಟ್ ದಿನ ನಮ್ಮೂರಿಗಿ ಭಾಳ ಅನುಕೂಲಿತ್ತು. ಈಗ ಕಸ್ಕೊಂಡೀರಿ. ಪಾಪ, ಮಾರಿ ಸಣ್ಣದು ಮಾಡ್ಕೊಂಡು ಇಲ್ಲಂತ ಹೇಳ್ತಾನ, ನಿಮ್ ಹೆಸರು ಸೈತ ಹೇಳಲ್ಲ. ಅಂಥಾ ಮನಷ್ಯಾ ಅವ. ಅವನ ಬ್ಯಾಟ್ರಿ ಅವಂಗ ಕೊಡ್ರಿ. ಮತ್ತ ಅವಂಗ ಬ್ಯಾರೆ ಎಲ್ಲಿಗೂ ಹಾಕಬ್ಯಾಡ್ರಿ."

ವರ್ಷಗಟ್ಟಲೆ ಅವನ ಬೆಳಕಿನಲ್ಲಿ ಚೇಳು ಹುಡುಕಿದ ಊರು, ಅದು ಬಸ್ಸಿನ ಜೊತೆಗೇ ಬರುವ ಸೌಕರ್ಯ ಎಂದು ತಿಳಿದಿತ್ತು. ಸ್ಟೆಪ್ನಿ ಇದ್ದ ಹಾಗೆ, ಹಾರ್ನು ಇದ್ದ ಹಾಗೆ, ಬ್ಯಾಟ್ರಿ.

"ಅದು ನಂದ್ರೀ ಯಕ್ಕಾ!" ಎಂದ ಪೀರಪ್ಪ. "ನನ್ ರೊಕ್ಕದ್ದು. ನನ್ ಜೇಬಿಂದು. ನಾನೇ ಮನ್ಯಾಗ ಬಿಟ್ಟು ಬಂದೀನಿ. ನನಗ ನಿದ್ದಿ ಬೇಕಾಗ್ಯಾದ."

ಮಹಾದೇವಮ್ಮ ಸೆರಗು ಸರಿಮಾಡಿಕೊಂಡಳು.

"ನಿದ್ದಿಗೆಡಸ್ಲಾಕತ್ತೀರಿ ಅಂತ ಒಮ್ಮಿಯಾರ ಅಂದೀಯೇನು ತಮ್ಮಾ?"

"ರೊಟ್ಟಿ ಕೊಡೋರಿಗಿ ಹ್ಯಾಂಗ ಅನ್ಲಿ?"

"ಬಾಯಿ ಇಲ್ಲೇನು ನಿನಗ? ಟಿಕೀಟ್ ಟಿಕೀಟ್ ಅಂತ ಊರಿಗೆಲ್ಲ ಕೇಳಂಗ ಒದರ್ತಿ."

ಪೀರಪ್ಪನ ಬಾಯಿ ಅಷ್ಟು ದಿನ ಬ್ಯಾಟ್ರಿ ಕಚ್ಚುವುದಕ್ಕೆ ಇತ್ತು ಎಂದು ಹೇಳಲು ನನಗೆ ಮಾತು ಸಿಕ್ಕಿತು. ಆದರೆ ಸಾಹೇಬರು ಆಗಲೇ ಎದ್ದು ನಿಂತಿದ್ದರು. ಅವರ ಕಣ್ಣು ತೇವವಾಗಿತ್ತು. ತಮ್ಮ ನೌಕರಿಯಲ್ಲಿ ಕಂಡಕ್ಟರನನ್ನು ಬೇಡ ಎನ್ನಲು ಬಂದವರನ್ನು ಬೇಕಾದಷ್ಟು ನೋಡಿದ್ದಾಗಿದೆ, ಬೇಕು ಎನ್ನಲು ಬಂದವರು ಇವರೇ ಮೊದಲು ಎಂದರು. ಇಂಥ ಕಂಡಕ್ಟರನನ್ನು ಇಂಥ ಊರಿನಿಂದ ಬೇರೆ ಮಾಡುವ ಪಾಪ ತಮಗೆ ಬೇಡ ಎಂದರು. ನಿದ್ದೆಯ ಸಮಸ್ಯೆಗೂ ಪರಿಹಾರ ಕೊಟ್ಟರು: ಮಾರುಕಟ್ಟೆಗೆ ಜನ ಕಳಿಸಿ, ತಮ್ಮ ಜೇಬಿನಿಂದಲೇ, ಮೊಳದುದ್ದದ ದೊಡ್ಡ ಬ್ಯಾಟ್ರಿ ತರಿಸಿ ಮಹಾದೇವಮ್ಮನ ಕೈಗೆ ಇಟ್ಟರು. ಅದು ಊರಿನದು. ಪೀರಪ್ಪನನ್ನು ಇನ್ನು ಯಾರೂ ಎಬ್ಬಿಸಬಾರದು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೀರಪ್ಪನೂ ತಟ್ಟಿದ. ಕೈ ತಟ್ಟದಿದ್ದರೆ ಚೆನ್ನಾಗಿ ಕಾಣುತ್ತಿರಲಿಲ್ಲ.

ಶಹಾಬಾದದ ಹಗಲು ಬಸ್ಸು ಬೇರೆ ಯಾರಿಗೋ ಹೋಯಿತು.

ಮುಂದಿನ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಪೀರಪ್ಪನ ಅಂಗಿಯ ಎಡಜೇಬು ಮತ್ತೆ ಜೋತುಬಿದ್ದಿತ್ತು. ಬೆರಳುದ್ದದ ಬ್ಯಾಟ್ರಿ ವಾಪಸು ಬಂದಿದೆ ಎಂದು ತಿಳಿಯಿತು. ಕಣ್ಣು ಮಾತ್ರ ಮೊದಲಿನ ಹಾಗೇ ಕೆಂಪಗಿತ್ತು.

"ಯಾಕ್ರೀ, ದೊಡ್ಡ ಬ್ಯಾಟ್ರಿ ಕೊಟ್ಟಾರಲ್ಲ? ಮತ್ತ ಎಬ್ಸಿದ್ರೇನು?"

"ಎಬ್ಸಿದ್ರು" ಎಂದ ಪೀರಪ್ಪ, ನನ್ನ ಟಿಕೆಟು ಹರಿಯುತ್ತ.

"ಚೇಳೇನು?"

"ಚೇಳಲ್ರೀ. ಎಲ್ಲರ ಕೈಗಿ ಸಿಗ್ಲಿ ಅಂತ ಮಹಾದೇವಕ್ಕ ದೊಡ್ಡ ಬ್ಯಾಟ್ರಿ ಎಲ್ಲೋ ಇಟ್ಟಾಳ. ಕತ್ತಲ್ದಾಗ ಸಿಗವಲ್ದು ಅಂತ, ಅದನ್ನ ಹುಡಕ್ಲಾಕ ನನ್ ಬ್ಯಾಟ್ರಿ ಕೇಳ್ಲಾಕ ಬಂದಿದ್ರು."

"ಸಿಗ್ತೇನು?"

"ಸಿಗ್ತು." ಟಿಕೆಟನ್ನು ನನ್ನ ಕೈಗಿಟ್ಟು, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಆಕಳಿಸುತ್ತ ಮುಂದಿನ ಸೀಟಿಗೆ ಸರಿದ. "ನಾನೇ ಹುಡಕಿ ಕೊಟ್ಟೆ."