ಭಟ್ಟಿಯ ಬಾಯಲ್ಲಿ ಜರ್ಮನ್ ವಿಭಕ್ತಿ

ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಮಾಲೂರಿನ ನಮ್ಮ ಇಟ್ಟಿಗೆ ಕಾರ್ಖಾನೆಯ ಮೇಲ್ವಿಚಾರಕ ಜರ್ಮನಿಯವನು. ದೊರೆ ಎನ್ನುತ್ತಿದ್ದೆವು. ಅವನ ಹರುಕು ಇಂಗ್ಲಿಷು ಗುಮಾಸ್ತರೊಬ್ಬರಿಗೇ ತಿಳಿಯುತ್ತಿತ್ತು. ಬೆಂಕಿಯ ಮುಂದೆ ಗುಮಾಸ್ತರನ್ನು ಕಾಯುತ್ತ ಕೂರಲಾಗದು, ತನ್ನ ಮಾತು ತಿಳಿಯುವವನೇ ಬೆಂಕಿ ಮೇಸ್ತ್ರಿ ಎಂದು ಹಠ ಹಿಡಿದ. ಆ ಕೆಲಸ ನನಗೆ ಬೇಕಿತ್ತು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಬೆಂಕಿಯ ಹದದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

ಊಟದ ಹೊತ್ತಿನಲ್ಲಿ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೊರೆ ನೆಲದ ಮೇಲೆ ಗೀಚಿ ಕಲಿಸಿದ. ನಮ್ಮಲ್ಲಿ ಪದದ ಬಾಲ ಬದಲಾಗುತ್ತದೆ: ಭಟ್ಟಿಯನ್ನು, ಭಟ್ಟಿಗೆ. ಅವರಲ್ಲಿ ಪದದ ಮುಂದೆ ನಿಂತ ಪುಟ್ಟ ಮಾತು ವೇಷ ಬದಲಿಸುತ್ತದೆ. ಇಟ್ಟಿಗೆ ಸುಡುವ ಭಟ್ಟಿ ಅವರಿಗೆ ಗಂಡಸು! ಡೇರ್ ಓಫನ್ ಎಂದರೆ ಭಟ್ಟಿ, ಡೇನ್ ಓಫನ್ ಭಟ್ಟಿಯನ್ನು, ಡೇಮ್ ಓಫನ್ ಭಟ್ಟಿಗೆ. ಭಟ್ಟಿಯ ಎನ್ನುವಾಗ ಬಾಲಕ್ಕೂ ಒಂದು ಸಕಾರ: ಡೆಸ್ ಓಫನ್ಸ್. ಕೆಸರು ತುಳಿಯುತ್ತ ಜಪಿಸಿದೆ.

"ಏನ್ಲಾ, ಪೂಜಾರಿ ಆಗ್ಬುಟ್ಯಾ?" ಎಂದು ಇಟ್ಟಿಗೆ ಹೊರುವ ಹೆಂಗಸರು ನಕ್ಕರು.

ಹೊಸ ಭಟ್ಟಿಗೆ ಬೆಂಕಿ ಇಡುವ ಸರದಿ ನನಗೆ ಬಂತು. ಕುರುಡುಮಲೆ ಗಣಪನ ಹೆಸರಲ್ಲಿ ಕಾಯಿ ಒಡೆದು ಬೆಂಕಿ ಇಟ್ಟವನು, ಅದು ಹತ್ತಿ ಉರಿಯುವ ತನಕ ಮಾತಾಡಬಾರದು. ಆಡಿದರೆ ಆ ಭಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಸೌದೆ ಹಸಿ. ಬರೀ ಹೊಗೆ. ಆಗಲೇ ದೊರೆ ಬಂದು, "ಡೇರ್ ಓಫನ್!" ಎಂದು ನಾಲ್ಕು ಬೆರಳು ತೋರಿಸಿದ.

ನಾಲ್ಕು ರೂಪವನ್ನೂ ಒಪ್ಪಿಸಬೇಕು, ಮೇಸ್ತ್ರಿ ಕೆಲಸಕ್ಕೆ ಪರೀಕ್ಷೆ ಅದೇ ಎಂದು ಗೊತ್ತಾಯಿತು. ಮೊರ ಬೀಸುತ್ತಲೇ ಇದ್ದೆ. ಮುದುಕಿಯೊಬ್ಬಳು ದೊರೆಗೆ ತಿಳಿಯಲೆಂದು ತುಟಿಯ ಮೇಲೆ ಬೆರಳಿಟ್ಟಳು. ತನಗೇ ಬಾಯಿ ಮುಚ್ಚು ಎಂದಳೆಂದು ತಿಳಿದು ಅವನ ಮುಖ ಕೆಂಪಾಯಿತು.

"ನಾಲ್ಗೆ ಬೆಂದೋಯ್ತೇನೋ?" ಎಂದ ಯಂತ್ರ ರಿಪೇರಿಗೆಂದು ಬೆಂಗಳೂರಿನಿಂದ ಬಂದಿದ್ದ ಫಿಟ್ಟರ್. ಅವನಿಗೂ ಅದೇ ಕೆಲಸದ ಮೇಲೆ ಕಣ್ಣು. ದೊರೆ ಬೆಂಕಿ ಕೆದಕುವ ಸಲಾಕೆಯನ್ನು ಅವನ ಕೈಗೇ ಕೊಟ್ಟುಬಿಟ್ಟ. ನಾನು ಇನ್ನೂ ಜೋರಾಗಿ ಮೊರ ಬೀಸಿದೆ.

ಭಗ್ ಎಂದು ಉರಿ ಎದ್ದಿತು.

"ಡೇರ್ ಓಫನ್, ಡೇನ್ ಓಫನ್, ಡೇಮ್ ಓಫನ್, ಡೆಸ್ ಓಫನ್" ಎಂದು ಕೂಗಿದೆ.

"ಸ್!" ಎಂದ ದೊರೆ.

"ಓಫನ್ಸ್!" ಎಂದು ತಿದ್ದಿಕೊಂಡೆ.

ಅಷ್ಟರಲ್ಲಿ ಗುಮಾಸ್ತರು ಓಡಿಬಂದು ಅವನಿಗೆ ಪದ್ಧತಿ ವಿವರಿಸಿದರು. ದೊರೆ ಇನ್ನೂ ಗುರಾಯಿಸುತ್ತಿದ್ದ.

"ನಾಳೆ ಗಾಳಿಕಿಂಡಿ ಮುಚ್ಚು ಅಂದ್ರೂ ಹಿಂಗೇ ಸುಮ್ನಿರ್ತೀಯಾ ಅಂತ ಕೇಳ್ತಾವ್ರೆ ಕಣೋ" ಎಂದು ಗುಮಾಸ್ತರು ನನಗೆ ಹೇಳಿದರು.

"ಹತ್ತೋ ತಂಕ ಮಾತಾಡಕಿಲ್ಲ ಸ್ವಾಮಿ. ಹತ್ತಿದ್ಮೇಲೆ ಕೂಗಿದ ಕಡೆ ಓಡ್ತೀನಿ. ಒಪ್ಪದಿದ್ರೆ ಅವನಿಗೇ ಕೊಡ್ಲಿ."

ಗುಮಾಸ್ತರಿಂದ ಅದನ್ನು ಕೇಳಿದ ದೊರೆ ಫಿಟ್ಟರ್ ಕೈಯಿಂದ ಸಲಾಕೆಯನ್ನು ಕಿತ್ತು ನನಗೆ ಕೊಟ್ಟ. ಈ ಭಟ್ಟಿಯ ಮಟ್ಟಿಗೆ ಮಾತ್ರ ಎಂದರು ಗುಮಾಸ್ತರು.

ಭಟ್ಟಿ ಬಿಚ್ಚಿದ ದಿನ ದೊರೆ ಎರಡು ಇಟ್ಟಿಗೆ ತಟ್ಟಿ ನೋಡಿದ. ಚೆನ್ನಾಗಿ ಬೆಂದಿದ್ದರಿಂದ ಠಣ್ಣೆಂದವು. ಮುಂದಿನ ಭಟ್ಟಿಗೂ ನಾನೇ ಮೇಸ್ತ್ರಿ.